ಚೆಟ್ಟಿನಾಡು: ಬೀಗ ಹಾಕಿದ ಮನೆಗಳು ಹೋಟೆಲಾದ ಕಥೆ

ಹೊರಗೆ ಹೋಗಿ ದುಡಿದವನು ಕೈಯಲ್ಲಿ ನಾಲ್ಕು ಕಾಸು ಕೂಡಿದ ಕೂಡಲೇ ಹುಟ್ಟಿದ ಊರಲ್ಲಿ ಒಂದು ಮನೆ ಕಟ್ಟಿಸುತ್ತಾನೆ. ಮುಂಬಯಿಯಲ್ಲಿ ಹೋಟೆಲು ನಡೆಸಿದ ನಮ್ಮ ಕರಾವಳಿಯವರು ಕಟ್ಟಿಸಿದ್ದಾರೆ, ಗಲ್ಫಿಗೆ ಹೋದ ಭಟ್ಕಳದವರು ಕಟ್ಟಿಸಿದ್ದಾರೆ. ವರ್ಷಕ್ಕೆ ಹದಿನೈದು ದಿನ ಬಂದು ಇರುವುದಕ್ಕೆ ಅಷ್ಟು ದೊಡ್ಡ ಮನೆ ಯಾಕೆ ಅಂತ ಕೇಳಿದರೆ ಸರಿಯಾದ ಉತ್ತರ ಯಾರ ಹತ್ತಿರವೂ ಇರುವುದಿಲ್ಲ. ಈ ಆಸೆ ಎಷ್ಟು ದೊಡ್ಡದಾಗಿ ಬೆಳೆಯಬಹುದು, ಆಮೇಲೆ ಆ ಮನೆಗಳ ಗತಿ ಏನಾಗಬಹುದು ಎಂಬುದನ್ನು ನೋಡಬೇಕಾದರೆ ತಮಿಳುನಾಡಿನ ಚೆಟ್ಟಿನಾಡಿಗೆ ಹೋಗಬೇಕು.

ನಾನು ತೀರ್ಥಹಳ್ಳಿ ಕಡೆಯವನು. ಎಂ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿ, ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಹನ್ನೊಂದು ವರ್ಷ ತಮಿಳುನಾಡಿನಲ್ಲಿ ಕಳೆದೆ. ಅದರಲ್ಲಿ 2004ರಿಂದ 2008ರವರೆಗೆ ಕಾರೈಕುಡಿಯ ಆಸುಪಾಸಿನ ಒಂದು ಶಾಖೆಯಲ್ಲಿದ್ದೆ. ತಮಿಳು ಕಲಿತದ್ದು ಕೌಂಟರಿನಲ್ಲಿ ನಿಂತ ಗಿರಾಕಿಗಳಿಂದ. ಚೆಟ್ಟಿನಾಡಿನ ಚರಿತ್ರೆ ಕಲಿತದ್ದು ಸಾಲದ ಫೈಲುಗಳಿಂದ.

ಚೆಟ್ಟಿನಾಡು ಎಂದರೆ ಶಿವಗಂಗೆ ಮತ್ತು ಪುದುಕೋಟೆ ಜಿಲ್ಲೆಗಳಲ್ಲಿ ಹರಡಿರುವ ಎಪ್ಪತ್ತಕ್ಕೂ ಹೆಚ್ಚು ಊರುಗಳ ಒಂದು ಸೀಮೆ. ನಾಟುಕೋಟೆ ಚೆಟ್ಟಿಯಾರ್ ಎಂಬ ವ್ಯಾಪಾರಿ ಸಮುದಾಯದವರದು. ಒಂಬತ್ತು ದೇವಸ್ಥಾನಗಳಿಗೆ ಸೇರಿದ ಒಂಬತ್ತು ಬಳಿಗಳು ಇವರಲ್ಲಿ ಇವೆ. ಪೂರ್ವಜರು ಕಾವೇರಿಪೂಂಪಟ್ಟಣದ ಕಡಲ ತಡಿಯಲ್ಲಿದ್ದರು, ಸಮುದ್ರ ನುಗ್ಗಿ ಬಂದದ್ದರಿಂದ ಒಳನಾಡಿಗೆ ಬಂದರು ಎಂಬುದು ಅವರ ನಂಬಿಕೆ. ಅದಕ್ಕೇ ಮನೆಯ ಪಾಯವನ್ನು ಅಷ್ಟು ಎತ್ತರಿಸಿ ಕಟ್ಟುತ್ತಾರೆ ಎಂದು ಹೇಳುವವರಿದ್ದಾರೆ. ಆದರೆ ಬಂದು ನೆಲೆಸಿದ ಜಾಗದಲ್ಲಿ ನೀರಿಗೇ ತತ್ವಾರ. ಕೆಂಪು ನೆಲ, ಸುಡುವ ಬಿಸಿಲು. ಮಳೆ ಬರುವುದು ಹೆಚ್ಚಾಗಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ನಮ್ಮ ಮಲೆನಾಡಿನಲ್ಲಿ ಹುಟ್ಟಿದವನಿಗೆ ಆ ಊರಿನ ಮೇ ತಿಂಗಳು ಒಂದು ಶಿಕ್ಷೆಯೇ ಸರಿ.

ವ್ಯವಸಾಯ ಮಾಡಿ ಬದುಕುವ ನೆಲವಲ್ಲ, ಹಾಗಾಗಿ ಗಂಡಸರು ಹಡಗು ಹತ್ತಿದರು. ಬ್ರಿಟಿಷರು 1852ರಲ್ಲಿ ಕೆಳ ಬರ್ಮಾವನ್ನು ವಶಪಡಿಸಿಕೊಂಡರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಬರ್ಮಾದ ಅಕ್ಕಿಗೆ ಯುರೋಪಿನ ಮಾರುಕಟ್ಟೆ ಸಿಕ್ಕಿತು. ಐರಾವತಿ ಮುಖಜ ಭೂಮಿಯ ಕಾಡು ಕಡಿದು ಗದ್ದೆ ಮಾಡುವ ರೈತನಿಗೆ ಬಿತ್ತನೆಗೆ, ಎತ್ತಿಗೆ, ಕೂಲಿಗೆ ದುಡ್ಡು ಬೇಕಿತ್ತು. ಇಂಗ್ಲಿಷ್ ಬ್ಯಾಂಕುಗಳು ಹಳ್ಳಿಗೆ ಹೋಗುತ್ತಿರಲಿಲ್ಲ. ಚೆಟ್ಟಿಯಾರರು ಹೋದರು. ಸಿಲೋನ್, ಮಲಯಾ, ಸಿಂಗಪುರಗಳಲ್ಲೂ ಅವರ ಅಂಗಡಿಗಳಿದ್ದವು. ಆದರೆ ಎಲ್ಲಕ್ಕಿಂತ ದೊಡ್ಡ ವ್ಯವಹಾರ ಬರ್ಮಾದ್ದು.

ಅವರ ವ್ಯವಸ್ಥೆಯನ್ನು ಕಾಮರ್ಸ್ ಓದಿದವರು ಮೆಚ್ಚಲೇಬೇಕು. ಯಜಮಾನ ಊರಲ್ಲಿ, ಏಜೆಂಟ್ ಪರದೇಶದಲ್ಲಿ. ಏಜೆಂಟನಿಗೆ ಮೂರು ವರ್ಷದ ಕರಾರು. ಸಂಬಳದ ಒಂದು ಭಾಗವನ್ನು ಮನೆಯವರ ಖರ್ಚಿಗೆಂದು ಹೊರಡುವ ಮೊದಲೇ ಕೊಡುತ್ತಿದ್ದರು. ಮೂರು ವರ್ಷ ಮುಗಿದ ಮೇಲೆ ಲೆಕ್ಕ ಒಪ್ಪಿಸಿ ಊರಿಗೆ ಬರಬೇಕು, ಸ್ವಲ್ಪ ಕಾಲ ಇದ್ದು ಮತ್ತೆ ಹೊರಡಬೇಕು. ಹೆಂಡತಿ ಮಕ್ಕಳು ಊರಲ್ಲೇ. ನಮ್ಮ ಬ್ಯಾಂಕಿನ ಟ್ರಾನ್ಸ್‌ಫರ್ ಪಾಲಿಸಿ ಹೊಸದೇನಲ್ಲ ಅಂತ ನನಗೆ ಅಲ್ಲಿ ಗೊತ್ತಾಯಿತು. ಆ ಮನೆಗಳನ್ನು ನೋಡುವಾಗ ಇದೊಂದನ್ನು ಮರೆಯಬಾರದು: ಅವನ್ನು ಕಟ್ಟಿಸಿದವರು ಅಲ್ಲಿ ವಾಸ ಮಾಡಿದ್ದು ಕಡಿಮೆ. ಅವು ಹೆಂಗಸರು, ಮಕ್ಕಳು, ಮುದುಕರು ಕಾಯ್ದ ಮನೆಗಳು.

ಮನೆಗಳಲ್ಲಿ ಹೆಚ್ಚಿನವು 1850ರಿಂದ 1940ರ ನಡುವೆ ಕಟ್ಟಿದವು. ಬರ್ಮಾದಿಂದ ತೇಗ, ಇಟಲಿಯಿಂದ ಅಮೃತಶಿಲೆ, ಬೆಲ್ಜಿಯಂನಿಂದ ಕನ್ನಡಿ, ಇಂಗ್ಲೆಂಡಿನಿಂದ ಕಬ್ಬಿಣದ ಕಂಬ, ಜಪಾನಿನಿಂದ ಹೂವಿನ ಹೆಂಚುಬಿಲ್ಲೆ. ಪ್ರವಾಸಿಗಳಿಗೆ ಗೈಡುಗಳು ಈ ಪಟ್ಟಿಯನ್ನೇ ಒಪ್ಪಿಸುತ್ತಾರೆ. ಆದರೆ ಮನೆಯನ್ನು ತಂಪಾಗಿಟ್ಟದ್ದು, ನೂರು ವರ್ಷ ನಿಲ್ಲಿಸಿದ್ದು ಹಡಗಿನಲ್ಲಿ ಬಂದ ಸಾಮಾನಲ್ಲ. ಅಲ್ಲೇ ಸಿಗುತ್ತಿದ್ದ ಸುಣ್ಣ, ಮರಳು, ಬೆಲ್ಲ, ಅಳಲೆಕಾಯಿ, ಮೊಟ್ಟೆ ಮತ್ತು ಮಳೆ.

ಮನೆಯ ನಕ್ಷೆ ಹೀಗೆ. ನಿವೇಶನ ಒಂದು ಬೀದಿಯಿಂದ ಹಿಂದಿನ ಬೀದಿಯವರೆಗೆ ಉದ್ದಕ್ಕೆ ಚಾಚಿರುತ್ತದೆ. ಮುಂದೆ ತಿಣ್ಣೈ, ಅಂದರೆ ನಮ್ಮ ಜಗಲಿ. ಗಂಡಸರ ವ್ಯವಹಾರ ಅಲ್ಲೇ. ಒಳಗೆ ಹೋದರೆ ಆಕಾಶಕ್ಕೆ ತೆರೆದ ದೊಡ್ಡ ಅಂಗಳ, ಸುತ್ತ ಕಂಬಗಳ ಮೊಗಸಾಲೆ, ಅದರ ಹಿಂದೆ ಸಾಲು ಕೋಣೆಗಳು. ಮದುವೆಯಾದ ಒಬ್ಬೊಬ್ಬ ಮಗನಿಗೆ ಒಂದೊಂದು. ಅದರ ಹಿಂದೆ ಇನ್ನೊಂದು ಅಂಗಳ, ಕೊನೆಗೆ ಅಡಿಗೆಯ ಅಂಗಳ ಮತ್ತು ಬಾವಿ. ಮುಂಬಾಗಿಲಲ್ಲಿ ನಿಂತರೆ ಹಿತ್ತಿಲ ಬಾಗಿಲು ಒಂದೇ ಗೆರೆಯಲ್ಲಿ ಕಾಣುತ್ತದೆ. ಗಾಳಿ ಆ ಗೆರೆ ಹಿಡಿದು ಓಡುತ್ತದೆ, ಬಿಸಿ ಅಂಗಳದಿಂದ ಮೇಲೇರಿ ಹೋಗುತ್ತದೆ. ನಮ್ಮ ಮಲೆನಾಡು, ಹಳೇ ಮೈಸೂರು ಕಡೆಯ ತೊಟ್ಟಿಮನೆ ಕಂಡವರಿಗೆ ಇದು ಹೊಸದಲ್ಲ. ಅಳತೆ ಮಾತ್ರ ನಮ್ಮದರ ಹತ್ತು ಪಾಲು.

ಮಳೆನೀರನ್ನು ಅವರು ಅತಿಥಿಯ ಹಾಗೆ ಒಳಗೆ ಕರೆಯುತ್ತಿದ್ದರು. ನಾಡಹೆಂಚಿನ ಇಳಿಜಾರು ಮಾಡು ನಾಲ್ಕೂ ಕಡೆಯಿಂದ ಅಂಗಳಕ್ಕೆ ಬಾಗಿರುತ್ತದೆ. ನೀರು ದೋಣಿಯಿಂದ ಇಳಿದು, ತುಂಬಿಕೊಳ್ಳಬೇಕಾದ ಹಂಡೆ, ತೊಟ್ಟಿಗಳಿಗೆ ತುಂಬಿ, ಉಳಿದದ್ದು ಕಲ್ಲಿನ ಕಾಲುವೆಯಲ್ಲಿ ಬೀದಿಗೆ ಹೋಗಿ, ಬೀದಿಯ ಚರಂಡಿಯಿಂದ ಊರಿನ ಊರಣಿಗೆ, ಎಂದರೆ ಕೆರೆಗೆ ಸೇರುತ್ತಿತ್ತು. ಒಂದೊಂದು ಮನೆಯ ಮಾಡೂ ಊರಿನ ಕೆರೆಗೆ ಚಂದಾ ಕೊಡುತ್ತಿತ್ತು ಎಂದರೆ ಸರಿ.

ಗೋಡೆಯ ಗಾರೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸುಣ್ಣವನ್ನು ನೀರಿನಲ್ಲಿ ವಾರಗಟ್ಟಲೆ ಅರಳಿಸಿ, ಬೆಲ್ಲ ಮತ್ತು ಅಳಲೆಕಾಯಿ ಕೊಳೆಸಿದ ನೀರು ಸೇರಿಸಿ, ಮರಳಿನ ಜತೆ ಅರೆದು, ಪದರದ ಮೇಲೆ ಪದರವಾಗಿ ಬಳಿಯುತ್ತಾರೆ. ಒಂದೊಂದು ಪದರಕ್ಕೂ ಮರಳು ನುಣ್ಣಗಾಗುತ್ತ ಹೋಗುತ್ತದೆ. ಕೊನೆಯ ಪದರದಲ್ಲಿ ಚಿಪ್ಪಿನ ಸುಣ್ಣ ಮತ್ತು ಮೊಟ್ಟೆಯ ಬಿಳಿ. ಅದನ್ನು ನುಣುಪು ಕಲ್ಲಿನಿಂದ ಗಂಟೆಗಟ್ಟಲೆ ಉಜ್ಜುತ್ತಾರೆ. ಆಗ ಗೋಡೆಗೆ ಅಮೃತಶಿಲೆಯ ಹೊಳಪು ಬರುತ್ತದೆ. ಬಣ್ಣ ಬಳಿಯುವ ಗೋಜಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಡುಬೇಸಿಗೆಯಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಏಳಲು ಮನಸ್ಸು ಬರುವುದಿಲ್ಲ.

ನೆಲದ್ದು ಆತ್ತಂಗುಡಿ ಬಿಲ್ಲೆ. ಆತ್ತಂಗುಡಿ ಅದೇ ಸೀಮೆಯ ಒಂದು ಹಳ್ಳಿ. ಗಾಜಿನ ಹಲಗೆಯ ಮೇಲೆ ಲೋಹದ ಅಚ್ಚಿಟ್ಟು, ಅದರ ಮನೆಗಳಲ್ಲಿ ಬಣ್ಣ ಕಲಸಿದ ಸಿಮೆಂಟನ್ನು ಕೈಯಿಂದಲೇ ಸುರಿಯುತ್ತಾರೆ. ಅಚ್ಚು ತೆಗೆದು ಹಿಂಬದಿಗೆ ಆ ಊರಿನ ಮರಳು ಮತ್ತು ಸಿಮೆಂಟು ತುಂಬಿ, ಒಣಗಿಸಿ, ಕೆಲವು ದಿನ ನೀರಿನಲ್ಲಿ ಮುಳುಗಿಸಿಡುತ್ತಾರೆ. ಸುಡುವ ಕೆಲಸವೇ ಇಲ್ಲ. ಗಾಜಿಗೆ ಅಂಟಿದ ಮುಖ ಗಾಜಿನ ಹಾಗೇ ನಯವಾಗಿ ಬಿಟ್ಟುಕೊಳ್ಳುತ್ತದೆ. ಅದರ ಮೇಲೆ ಹೂವು, ಎಲೆ, ನಕ್ಷತ್ರ. ಬಾಗಿಲ ಚೌಕಟ್ಟಿನಲ್ಲಿ ಗಜಲಕ್ಷ್ಮಿ, ಗಿಳಿ, ತಾವರೆ, ಬಳ್ಳಿ. ಹೊರಗೆ ನೆಲ ಒಣಗಿ ಬಿರಿದಿರುವ ಸೀಮೆಯಲ್ಲಿ ಮನೆಯ ಒಳಗೆ ಒಂದು ತೋಟವನ್ನೇ ಕೆತ್ತಿಸಿಕೊಂಡಿದ್ದರು.

ಈ ವೈಭವದ ಬುಡದಲ್ಲಿ ಇನ್ನೊಂದು ಲೆಕ್ಕವೂ ಇದೆ. 1930ರ ಆರ್ಥಿಕ ಕುಸಿತದಲ್ಲಿ ಅಕ್ಕಿಯ ಬೆಲೆ ನೆಲಕಚ್ಚಿತು. ಬರ್ಮಾದ ರೈತ ಸಾಲ ತೀರಿಸಲಾರದೆ ಹೋದ. ಗದ್ದೆಗಳು ಒಂದೊಂದಾಗಿ ಚೆಟ್ಟಿಯಾರರ ಹೆಸರಿಗೆ ಬಂದವು. ಕೆಳ ಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳಲ್ಲಿ 1930ರಲ್ಲಿ ಶೇ. 6ರಷ್ಟಿದ್ದ ಅವರ ಜಮೀನು, ಏಳೆಂಟು ವರ್ಷದಲ್ಲಿ ಶೇ. 25ಕ್ಕೆ ಏರಿತು. ಅವರಿಗೆ ಬೇಕಾಗಿದ್ದದ್ದು ನಗದು, ಸಿಕ್ಕಿದ್ದು ಗದ್ದೆ. ರೈತನಿಗೆ ಎರಡೂ ಇಲ್ಲ. ಎನ್.ಪಿ.ಎ. ಎಂಬ ಪದ ಹುಟ್ಟುವ ಮೊದಲೇ ಇಡೀ ಒಂದು ಸಮುದಾಯದ ಬ್ಯಾಲೆನ್ಸ್ ಶೀಟು ಎನ್.ಪಿ.ಎ. ಆಗಿತ್ತು. ಭಾರತೀಯರ ಮೇಲೆ ಅಲ್ಲಿನ ಜನರ ಸಿಟ್ಟು ಬೆಳೆಯಿತು. ಅದರಲ್ಲಿ ನ್ಯಾಯವಿರಲಿಲ್ಲ ಎಂದು ಹೇಳಲಾಗದು. ಆ ತೇಗದ ಕಂಬಗಳನ್ನು ನೋಡಿ ಹೊಗಳುವಾಗ ಆ ರೈತನೂ ನೆನಪಿರಬೇಕು.

ಇದೇ ಕಾಲದಲ್ಲಿ, 1937ರ ಫೆಬ್ರವರಿ 10ರಂದು, ಎಂ.ಸಿ.ಟಿ.ಎಂ. ಚಿದಂಬರಂ ಚೆಟ್ಟಿಯಾರ್ ಅವರು ಇಂಡಿಯನ್ ಓವರ್‌ಸೀಸ್ ಬ್ಯಾಂಕನ್ನು ಕಾರೈಕುಡಿ, ಮದರಾಸು, ರಂಗೂನು ಮೂರೂ ಕಡೆ ಒಂದೇ ದಿನ ತೆರೆದರು. ಒಂದು ಹಳ್ಳಿಗಾಡಿನ ಪೇಟೆಗೆ ಮದರಾಸಿಗೂ ರಂಗೂನಿಗೂ ಸಮನಾದ ಜಾಗ ಸಿಕ್ಕಿತೆಂದರೆ ಅಲ್ಲಿ ಎಷ್ಟು ದುಡ್ಡು ಓಡಾಡುತ್ತಿತ್ತು ಎಂದು ನೀವೇ ಊಹಿಸಿ. ಆದರೆ 1942ರಲ್ಲಿ ಜಪಾನಿನ ಸೇನೆ ಬರ್ಮಾಕ್ಕೆ ನುಗ್ಗಿತು. ಸಿಕ್ಕ ಹಡಗು ಹತ್ತಿದವರು ಹತ್ತಿದರು, ಉಳಿದವರು ಕಾಡುದಾರಿಯಲ್ಲಿ ನಡೆದು ಬಂದರು. ಯುದ್ಧ ಮುಗಿದು ಬರ್ಮಾ 1948ರಲ್ಲಿ ಸ್ವತಂತ್ರವಾದಾಗ ಭೂಮಿ ರಾಷ್ಟ್ರೀಕರಣದ ಕಾನೂನು ಬಂತು. 1963ರಲ್ಲಿ ಅಲ್ಲಿನ ಬ್ಯಾಂಕುಗಳೂ ರಾಷ್ಟ್ರೀಕರಣವಾದವು. ಅಲ್ಲಿಗೆ ಬರ್ಮಾದ ಖಾತೆ ಮುಗಿಯಿತು.

ಮನೆ ಉಳಿಯಿತು, ಅದನ್ನು ಸಾಕುವ ದುಡ್ಡು ಹೋಯಿತು. ಮಕ್ಕಳು ಚೆನ್ನೈ, ಕೊಯಮತ್ತೂರು, ಸಿಂಗಪುರ, ಅಮೆರಿಕ ಅಂತ ಚದುರಿದರು. ಒಂದು ಮನೆಗೆ ಹತ್ತು, ಇಪ್ಪತ್ತು, ಕೆಲವಕ್ಕೆ ಇನ್ನೂ ಹೆಚ್ಚು ಪಾಲುದಾರರು. ಮದುವೆ, ಷಷ್ಟ್ಯಬ್ದಿಗೆ ಮಾತ್ರ ಬೀಗ ತೆಗೆಯುತ್ತಾರೆ. ಉಳಿದ ದಿನ ಒಬ್ಬ ವಾಚ್‌ಮನ್, ಒಂದಷ್ಟು ಪಾರಿವಾಳ. ಒಂದು ಹೆಂಚು ಜಾರಿದರೆ ಸರಿ ಮಾಡಿಸುವವರಿಲ್ಲ. ನೀರು ತೊಲೆಗೆ ಇಳಿಯುತ್ತದೆ, ತೊಲೆ ಲಡ್ಡಾಗುತ್ತದೆ. ಕೊನೆಗೆ ಯಾರೋ ಒಬ್ಬ ಪಾಲುದಾರ "ಮಾರಿಬಿಡೋಣ" ಅನ್ನುತ್ತಾನೆ. ಕಾರೈಕುಡಿಯಲ್ಲಿ ಹಳೇ ಸಾಮಾನಿನ ಅಂಗಡಿಗಳದೇ ಒಂದು ಬೀದಿ ಇದೆ. ಬಾಗಿಲು, ಕಂಬ, ತೊಟ್ಟಿಲು, ಎನಾಮಲ್ ಡಬ್ಬಿ, ಗೋಡೆಯಲ್ಲಿದ್ದ ತಾತನ ಫೋಟೋ, ಎಲ್ಲವೂ ಅಲ್ಲಿ ಸಿಗುತ್ತವೆ. ಬೆಂಗಳೂರಿನ ಎಷ್ಟೋ ಹೊಸ ಬಂಗಲೆಗಳ ಮುಂಬಾಗಿಲು ಅಲ್ಲಿಂದ ಹೋದದ್ದು.

ಬೇರೆ ದಾರಿಯೂ ಇದೆ ಎಂಬುದಕ್ಕೆ ಉತ್ತರದಲ್ಲಿ ಒಂದು ಉದಾಹರಣೆ ಇತ್ತು. ರಾಜಸ್ಥಾನದ ನೀಮ್‌ರಾಣಾದ ಪಾಳುಬಿದ್ದ ಕೋಟೆಯನ್ನು ಅಮನ್ ನಾಥ್ ಮತ್ತು ಫ್ರಾನ್ಸಿಸ್ ವಾಕ್ಜಿಯಾರ್ಗ್ 1986ರಲ್ಲಿ ಕೊಂಡು, ದುರಸ್ತಿ ಮಾಡಿ, 1991ರಲ್ಲಿ ಬರೇ 12 ಕೋಣೆಯ ಹೋಟೆಲಾಗಿ ತೆರೆದರು. ಚೆಟ್ಟಿನಾಡಿನಲ್ಲಿ ಇದನ್ನು ಮೊದಲು ಗಟ್ಟಿಯಾಗಿ ಮಾಡಿ ತೋರಿಸಿದವರು ಮೀನಾಕ್ಷಿ ಮೆಯ್ಯಪ್ಪನ್ ಎಂಬ ಹಿರಿಯ ಮಹಿಳೆ. ಕಾರೈಕುಡಿಯಲ್ಲಿದ್ದ ತಮ್ಮ ಕುಟುಂಬದ ಹಳೇ ಬಂಗಲೆಯನ್ನು 1999ರಲ್ಲಿ 'ದಿ ಬಂಗಲಾ' ಎಂಬ ಹೋಟೆಲು ಮಾಡಿದರು. ಆಮೇಲೆ ಕಾನಾಡುಕಾತ್ತಾನಿನಲ್ಲಿ, ತಂದೆಯೊಬ್ಬರು ಮಗಳಿಗಾಗಿ ಕಟ್ಟಿಸಿದ ಆರ್ಟ್ ಡೆಕೊ ಶೈಲಿಯ ಮನೆ 'ವಿಶಾಲಂ' ಎಂಬ 15 ಕೋಣೆಯ ಹೋಟೆಲಾಯಿತು. ಕೊತ್ತಮಂಗಲದ 'ಶಾರದಾ ವಿಲಾಸ'ವನ್ನು ಫ್ರೆಂಚ್ ವಾಸ್ತುಶಿಲ್ಪಿಗಳಿಬ್ಬರು ರಿಪೇರಿ ಮಾಡಿಸಿದರು. 2014ರಲ್ಲಿ ಚೆಟ್ಟಿನಾಡಿನ ಊರುಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು.

ಇವೆಲ್ಲ ಪತ್ರಿಕೆಯಲ್ಲಿ ಬಂದ ಕಥೆಗಳು. ಪತ್ರಿಕೆಯಲ್ಲಿ ಬಾರದ ಒಂದು ಕಥೆ ನನ್ನ ಮೇಜಿನ ಮೇಲೆ ನಡೆಯಿತು.

2006ರಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಸಾಲಕ್ಕೆ ಬಂದರು. ಚೆಟ್ಟಿಯಾರ್ ಹೆಂಗಸರನ್ನು ಅಲ್ಲಿ ಆಚಿ ಎಂದು ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ತಮ್ಮ ಗಂಡನ ಮನೆಯ ಮೊದಲ ಅಂಗಳದ ಸುತ್ತ ಎಂಟು ಕೋಣೆಯ ಹೋಟೆಲು ಮಾಡಬೇಕು ಎಂಬುದು ಅವರ ಯೋಜನೆ. ಮನೆಗೆ ಹದಿನಾಲ್ಕು ಪಾಲುದಾರರು. ಅಡಮಾನಕ್ಕೆ ಹದಿನಾಲ್ಕೂ ಸಹಿ ಬೇಕು. ಮೂವರು ಮಲೇಷಿಯಾದಲ್ಲಿ, ಒಬ್ಬರು ಅಮೆರಿಕದಲ್ಲಿ. ಮೈದುನನೊಬ್ಬ ಹಳೇ ಸಾಮಾನಿನ ವ್ಯಾಪಾರಿಯಿಂದ ಆಗಲೇ ಬೆಲೆ ಕೇಳಿಸಿಟ್ಟಿದ್ದ. ಆರು ತಿಂಗಳೊಳಗೆ ಸಾಲ ಆಗದಿದ್ದರೆ ಮಾರುವುದೇ ಅಂತ ಕುಟುಂಬದಲ್ಲಿ ತೀರ್ಮಾನವಾಗಿತ್ತು.

ಪ್ಯಾನೆಲ್ ವ್ಯಾಲ್ಯುಯರ್ ಬಂದು ವರದಿ ಕೊಟ್ಟರು. ಕಟ್ಟಡಕ್ಕೆ ತೊಂಬತ್ತು ವರ್ಷ, ಆಯುಷ್ಯ ಮುಗಿದಿದೆ, ಸವಕಳಿ ಕಳೆದರೆ ಉಳಿಯುವುದು ನಿವೇಶನದ ಬೆಲೆ ಮತ್ತು ಮರದ ಗುಜರಿ ಬೆಲೆ. ನಿಯಮದ ಪ್ರಕಾರ ಅವರು ಬರೆದದ್ದು ಸರಿಯೇ. ನಾನು ಅವತ್ತು ಒಂದು ಕಾಗದದಲ್ಲಿ ಲೆಕ್ಕ ಹಾಕಿದೆ. ಒಂದೇ ತೇಗದ ಕಂಬ. ಬ್ಯಾಂಕಿಗೆ ಅದು ಗುಜರಿ, ವ್ಯಾಪಾರಿಗೆ ಅದು ಒಂದು ಸಲ ಬರುವ ಲಾಭ, ಹೋಟೆಲಿಗೆ ಅದು ಪ್ರತಿ ರಾತ್ರಿಯ ಬಾಡಿಗೆಯಲ್ಲಿ ಒಂದು ಪಾಲು. ಕಂಬ ನಿಂತ ಜಾಗದಲ್ಲೇ ನಿಂತಿದ್ದರೆ ಮಾತ್ರ ಮೂರನೆಯ ಬೆಲೆ. ನಮ್ಮ ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಹಾಗಾಗಿ ಅಡಮಾನದ ಬೆಲೆಗಿಂತ ಆದಾಯದ ಅಂದಾಜಿಗೆ ಒತ್ತು ಕೊಟ್ಟು, ಮೊತ್ತ ಕಡಿಮೆ ಮಾಡಿ, ಪ್ರಸ್ತಾವ ಬರೆದೆ.

ಅಷ್ಟರಲ್ಲಿ ಅಮೆರಿಕದ ಪಾಲುದಾರರು ಚೆನ್ನೈಯಿಂದ ಒಬ್ಬ ಇಂಟೀರಿಯರ್ ಡಿಸೈನರನ್ನು ಕಳುಹಿಸಿದರು. ಹುಡುಗ ಬುದ್ಧಿವಂತ, ಕಂಪ್ಯೂಟರಿನಲ್ಲಿ ಚಂದದ ಚಿತ್ರಗಳನ್ನು ತಂದಿದ್ದ. 'ನೇಚರ್ ಥೀಮ್' ಅಂತ ಅದಕ್ಕೆ ಹೆಸರು. ಅಂಗಳಕ್ಕೆ ಪಾಲಿಕಾರ್ಬೊನೇಟ್ ಮುಚ್ಚಿಗೆ, ಕೋಣೆಗೆ ಫಾಲ್ಸ್ ಸೀಲಿಂಗು, ಗೋಡೆಗೆ ಬಿದಿರುಕಾಡಿನ ವಾಲ್‌ಪೇಪರು, ರಿಸೆಪ್ಶನ್ನಿನಲ್ಲಿ ಮೋಟಾರಿನಿಂದ ಹರಿಯುವ ಪುಟ್ಟ ಜಲಪಾತ. ಆಚಿ ಎಲ್ಲವನ್ನೂ ತಾಳ್ಮೆಯಿಂದ ನೋಡಿ ಕೇಳಿದರು: "ತಂಬಿ, ಮಳೆ ತಾನಾಗಿ ಮನೆಯೊಳಗೆ ಬರತ್ತೆ. ಅದಕ್ಕೆ ಮುಚ್ಚಳ ಹಾಕಿ, ಇನ್ನೊಂದು ಕಡೆ ಕರೆಂಟ್ ಕೊಟ್ಟು ನೀರು ಹರಿಸ್ಬೇಕಾ?" ಹುಡುಗ ನಕ್ಕುಬಿಟ್ಟ. ಆಮೇಲೆ ಅವನೇ ನಕ್ಷೆ ಬದಲಾಯಿಸಿದ.

ಅಂಗಳ ತೆರೆದೇ ಉಳಿಯಿತು. ಎ.ಸಿ. ಕೋಣೆಗೆ ಮಾತ್ರ, ಮೊಗಸಾಲೆಗೆ ಬೇಡ ಎಂದಾಯಿತು. ಸ್ನಾನದ ಮನೆಗಳು ಹಳೇ ಗೋಡೆ ಮುಟ್ಟದೆ ಹಿಂಬದಿಯಲ್ಲಿ ಬಂದವು. ಉದುರಿದ ಗಾರೆಗೆ ಸಿಮೆಂಟು ಮೆತ್ತುವಂತಿಲ್ಲ ಅಂತ ಹಿರಿಯ ಗಾರೆ ಮೇಸ್ತ್ರಿ ಹಟ ಹಿಡಿದರು. ಅವರು ಹೇಳಿದ್ದು ನಿಜ. ಸುಣ್ಣದ ಗೋಡೆ ಉಸಿರಾಡುತ್ತದೆ, ತೇವ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟು ಮುಚ್ಚಿದರೆ ತೇವ ಒಳಗೇ ಉಳಿದು, ಉಪ್ಪು ಎದ್ದು, ಎರಡು ಮೂರು ಮಳೆಗಾಲದಲ್ಲಿ ಪದರ ಪದರವಾಗಿ ಕಳಚುತ್ತದೆ. ಸುಣ್ಣಕ್ಕೆ ಸಮಯ ಬೇಕು. ಒಂದು ಪದರ ಒಣಗದೆ ಇನ್ನೊಂದು ಹಾಕುವಂತಿಲ್ಲ. ಅದಕ್ಕಾಗಿ ಮರುಪಾವತಿ ಶುರುವಾಗುವ ಮೊದಲಿನ ಅವಧಿಯನ್ನು ಹೆಚ್ಚಿಸಿ ಕೇಳಿದೆ.

ಮೇಲಿನ ಕಚೇರಿಯಿಂದ ಒಂದು ಪ್ರಶ್ನೆ ಬಂತು. ಕಟ್ಟಡ ಸಾಮಗ್ರಿಯ ಪಟ್ಟಿಯಲ್ಲಿ 'ಕೋಳಿಮೊಟ್ಟೆ' ಅಂತ ಇದೆ, ಇದು ಅಡಿಗೆಮನೆಯ ಖರ್ಚಲ್ಲವೇ, ಟರ್ಮ್ ಲೋನಿನಲ್ಲಿ ಹೇಗೆ ಬಂತು? ಸಸ್ಯಾಹಾರಿಯಾದ ನಾನು ಮೊಟ್ಟೆಯ ಬಿಳಿ, ಸುಣ್ಣ, ಅಳಲೆಕಾಯಿಗಳ ಬಗ್ಗೆ ಒಂದು ಪುಟದ ಟಿಪ್ಪಣಿ ಬರೆದು ಕಳಿಸಿದೆ. ಸರ್ವೀಸಿನಲ್ಲಿ ನಾನು ಬರೆದ ಏಕೈಕ ಚರಿತ್ರೆಯ ಪ್ರಬಂಧ ಅದು. ಐದನೆಯ ತಿಂಗಳಲ್ಲಿ ಸಾಲ ಮಂಜೂರಾಯಿತು. ಹದಿನಾಲ್ಕನೆಯ ಸಹಿ ಕ್ವಾಲಾಲಂಪುರದಿಂದ ಬಂದದ್ದು ಗಡುವಿಗೆ ಒಂಬತ್ತು ದಿನ ಮೊದಲು.

ಅದೇ ವರ್ಷ ಆಚಿಯ ಪಕ್ಕದ ಮನೆ, ದಾಯಾದಿಗಳದು, ಮಾರಾಟವಾಯಿತು. ಕಂಬಗಳ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆದರು, ಲಾರಿಗಳು ಬಂದವು. ಹತ್ತು ಹನ್ನೆರಡು ದಿನದಲ್ಲಿ ಮಾಡು, ಬಾಗಿಲು, ತೊಲೆ ಎಲ್ಲ ಹೋಗಿ ಬರೇ ಗೋಡೆ ಉಳಿಯಿತು. ಎರಡನೆಯ ಮಳೆಗಾಲಕ್ಕೆ ಗೋಡೆಯೂ ಕುಸಿಯಿತು. ಮಾರಿದವರನ್ನು ದೂರುವುದು ಸುಲಭ. ಅವರ ಮನೆಯಲ್ಲಿ ಆಪರೇಶನ್ ಒಂದಕ್ಕೆ ದುಡ್ಡು ಬೇಕಾಗಿತ್ತು ಎಂಬುದು ನನಗೆ ಗೊತ್ತಿತ್ತು.

ಆಚಿಯ ಸಾಲ ಅವಧಿಗೆ ಮೊದಲೇ ತೀರಿತು. ಹಾಗೆಂದು ಹೋಟೆಲೇ ಎಲ್ಲದಕ್ಕೂ ಮದ್ದು ಎಂದು ನಾನು ಹೇಳುವುದಿಲ್ಲ. ಆ ಸೀಮೆಯಲ್ಲಿ ಸಾವಿರಾರು ಮನೆಗಳಿವೆ, ಎಲ್ಲವೂ ಹೋಟೆಲಾಗಲು ಸಾಧ್ಯವಿಲ್ಲ. ಹೋಟೆಲಾದ ಮನೆಯಲ್ಲಿ ಮನೆಯವರೇ ಅತಿಥಿಗಳಾಗುತ್ತಾರೆ. ಆಚಿ ತಮ್ಮ ಮೊಮ್ಮಗಳ ನಿಶ್ಚಿತಾರ್ಥಕ್ಕೆ ತಮ್ಮದೇ ಅಂಗಳವನ್ನು ರಿಜಿಸ್ಟರಿನಲ್ಲಿ ಬುಕ್ ಮಾಡಿದ್ದರು. ಆದರೆ ಆ ಎಂಟು ಕೋಣೆಯ ದೆಸೆಯಿಂದ ಒಬ್ಬ ಗಾರೆ ಮೇಸ್ತ್ರಿಗೆ ಇಬ್ಬರು ಶಿಷ್ಯರು ಸಿಕ್ಕಿದರು, ಆತ್ತಂಗುಡಿಯ ಒಂದು ಬಿಲ್ಲೆ ಕೊಟ್ಟಿಗೆಗೆ ಆರ್ಡರು ಸಿಕ್ಕಿತು, ಒಂದು ಮಾಡಿನ ಮಳೆನೀರು ಇನ್ನೂ ಅಂಗಳಕ್ಕೆ ಇಳಿಯುವಂತಾಯಿತು.

ಚೆನ್ನೈ ಹತ್ತಿರದ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರ ಎಂಬ ವಸ್ತುಸಂಗ್ರಹಾಲಯವಿದೆ. ಬೇರೆ ಬೇರೆ ರಾಜ್ಯದ ಹಳೇ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಚೆಟ್ಟಿನಾಡಿನ ಮನೆ ಇದೆ, ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಇದೆ. ಚೆನ್ನೈಯಲ್ಲಿದ್ದಾಗ ಊರಿಂದ ಬಂದ ನೆಂಟರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ನಮ್ಮ ಮನೆಯನ್ನು ನೋಡಲು ನಾವೇ ಟಿಕೆಟ್ಟು ಕೊಳ್ಳಬೇಕಾಯಿತಲ್ಲ ಅಂತ ಒಬ್ಬರು ಅಂದರು. ಅದು ತಮಾಷೆಯ ಮಾತಾಗಿರಲಿಲ್ಲ.

ಊರಲ್ಲಿರುವ ಓದುಗರಿಗೆ ಒಂದು ಮಾತು. ತೀರ್ಥಹಳ್ಳಿ, ಸಾಗರ, ಕೊಪ್ಪದ ಕಡೆ ಈಗಲೂ ತೊಟ್ಟಿಮನೆಗಳು ಬೀಗ ಹಾಕಿಕೊಂಡು ಕೂತಿವೆ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕದಲ್ಲಿ. ಕಂಬಕ್ಕೆ ಬೆಲೆ ಕೇಳಿಕೊಂಡು ಲಾರಿಯವರು ನಿಮ್ಮಲ್ಲಿಗೂ ಬರುತ್ತಾರೆ. ಮಾರುವ ಅನಿವಾರ್ಯ ಇದ್ದರೆ ಮಾರಿ, ಅದು ತಪ್ಪಲ್ಲ. ಇಲ್ಲದಿದ್ದರೆ ಮೂರು ಕೆಲಸ ಮಾಡಿ. ಪಾಲುದಾರರೆಲ್ಲರ ಹೆಸರು, ವಿಳಾಸ ಒಂದು ಕಡೆ ಬರೆದಿಡಿ, ಹಿರಿಯರು ಇರುವಾಗಲೇ ಕಾಗದಪತ್ರ ಸರಿ ಮಾಡಿಸಿ. ಪ್ರತಿ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಿ. ಹೋಂಸ್ಟೇ ಮಾಡುವ ಯೋಚನೆ ಬಂದರೆ ಅಂಗಳಕ್ಕೆ ಮುಚ್ಚಿಗೆ ಹಾಕುವ ಮೊದಲು, ಮಳೆ ಹಿಡಿದ ಒಂದು ದಿನ ಅದರ ಜಗಲಿಯಲ್ಲಿ ಕೂತು ನೋಡಿ. ಬರುವ ಅತಿಥಿ ದುಡ್ಡು ಕೊಡುವುದು ಅದಕ್ಕೇ.